ಮೊದಲು ಟವರ್, ಆಮೇಲೆ ಕನ್ನಡ

ಗದಗ-ಬೆಟಗೇರಿಗೆ ದೂರದರ್ಶನ ಬಂದಾಗ ಅದರ ಜೊತೆ ಸ್ಟುಡಿಯೋ ಬರಲಿಲ್ಲ. ಕ್ಯಾಮೆರಾ ಇಲ್ಲ, ವಾರ್ತೆ ಓದುವವರಿಲ್ಲ. ಒಂದು ದೊಡ್ಡ ಡಿಶ್, ಒಂದು ಟ್ರಾನ್ಸ್‌ಮಿಟರ್, ಪಾಳಿಯ ಮೇಲೆ ಕೂಡುವ ನಾಲ್ಕಾರು ಸಿಬ್ಬಂದಿ, ಒಂದು ಟವರ್. ಉಪಗ್ರಹದಿಂದ ಇಳಿದ ದಿಲ್ಲಿಯ ಕಾರ್ಯಕ್ರಮವನ್ನು ಹಿಡಿದು ಊರ ಮೇಲೆ ಬಿಡುವುದಷ್ಟೇ ಅದರ ಕೆಲಸ. ‘ಲೋ ಪವರ್’ ಎಂದು ಕರೆಯುತ್ತಿದ್ದ ಈ ವರ್ಗದ ಟ್ರಾನ್ಸ್‌ಮಿಟರುಗಳ ಶಕ್ತಿ ಸಾಮಾನ್ಯವಾಗಿ 100 ವ್ಯಾಟ್, ಅಂದರೆ ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು. ಅಷ್ಟರಲ್ಲೇ ಸುತ್ತ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರಿನವರೆಗೆ ಚಿತ್ರ ಮುಟ್ಟುತ್ತಿತ್ತು.

ಭಾರತದ ಸರ್ಕಾರಿ ಟೀವಿ ಬೆಳೆದ ರೀತಿಯೇ ಹೀಗೆ. ಮೊದಲು ಟವರ್, ಕಾರ್ಯಕ್ರಮದ ಯೋಚನೆ ಆಮೇಲೆ.

1959ರ ಸೆಪ್ಟೆಂಬರ್ 15ರಂದು ದಿಲ್ಲಿಯಲ್ಲಿ ಪ್ರಯೋಗಕ್ಕೆಂದು ಶುರುವಾದ ಪ್ರಸಾರ ದಿನನಿತ್ಯದ್ದಾಗಲು 1965 ಬರಬೇಕಾಯಿತು. ಎರಡನೆಯ ಊರು ಮುಂಬಯಿ, ಅದೂ 1972ರಲ್ಲಿ. ಆಗ ಟೀವಿ ಎಂಬುದು ಆಕಾಶವಾಣಿಯ ಒಂದು ಕೊಠಡಿಯಂತಿತ್ತು. 1976ರ ಏಪ್ರಿಲ್ 1ರಂದು ಬೇರೆಯಾಗಿ ‘ದೂರದರ್ಶನ’ವಾಯಿತು. ಬ್ರಿಟನ್ನಿನ ಬಿಬಿಸಿಯಂತೆ ಇಲ್ಲಿಯೂ ನೋಡುವವರು ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು, ಅಂಚೆ ಕಚೇರಿಯಲ್ಲಿ. 1980ರ ದಶಕದ ನಡುವೆ ಅದು ರದ್ದಾಯಿತು. ಬಿಬಿಸಿಗೆ ಇದ್ದ ಸ್ವಾತಂತ್ರ್ಯವನ್ನು ಮಾತ್ರ ದಿಲ್ಲಿ ಎರವಲು ತರಲಿಲ್ಲ. ವಾರ್ತೆ ಮತ್ತು ಪ್ರಸಾರ ಸಚಿವಾಲಯದ ಕಡತದಲ್ಲೇ ಟೀವಿ ಬೆಳೆಯಿತು.

ಕನ್ನಡನಾಡಿಗೆ ಟೀವಿ ಬಂದದ್ದು ಬೆಂಗಳೂರಿನ ದಾರಿಯಿಂದಲ್ಲ ಎಂಬುದು ಇಂದಿಗೆ ಹೆಚ್ಚಿನವರಿಗೆ ಮರೆತುಹೋಗಿದೆ. ಅದು ಮೊದಲು ಇಳಿದದ್ದು ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಭಾರತಕ್ಕೆ ಬಳಸಲು ಕೊಟ್ಟಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ‘ಸೈಟ್’ ಎಂಬ ಈ ಪ್ರಯೋಗ ನಡೆಯಿತು. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ ಮೂರು ಮೀಟರಿನ ಡಿಶ್, ಅದಕ್ಕೊಂದು ಟೀವಿ; ಸಂಜೆ ಊರಿಗೆ ಊರೇ ಎದುರಿಗೆ ಕೂತು ನೋಡುವುದು. ಬೆಳಿಗ್ಗೆ ಸಾಲಿ ಮಕ್ಕಳಿಗೆ ಪಾಠ, ಸಂಜೆ ಬೇಸಾಯ, ಆರೋಗ್ಯ, ಒಂದಿಷ್ಟು ಹಾಡು-ಕುಣಿತ. ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ಆದರೆ ಕನ್ನಡದಲ್ಲಿ.

ಕೊಪ್ಪಳ ಆಗ ರಾಯಚೂರು ಜಿಲ್ಲೆಯಲ್ಲಿತ್ತು; ಅದರ ಪಕ್ಕದ ಮುಂಡರಗಿ ಧಾರವಾಡ ಜಿಲ್ಲೆಯಲ್ಲಿ. ಹೀಗಾಗಿ ಪ್ರಯೋಗದ ಗೆರೆ ಮುಂಡರಗಿ ಸೀಮೆಯ ಬಾಗಿಲವರೆಗೆ ಬಂದು ನಿಂತಿತು. ವರ್ಷ ಮುಗಿದ ಮೇಲೆ ನಾಸಾ ತನ್ನ ಉಪಗ್ರಹವನ್ನು ವಾಪಸು ಪಡೆಯಿತು, 1977ರಲ್ಲಿ ಗುಲ್ಬರ್ಗಾಕ್ಕೊಂದು ಟ್ರಾನ್ಸ್‌ಮಿಟರ್ ಬಂತು. ಬೆಂಗಳೂರು ದೂರದರ್ಶನ ಆರಂಭವಾದದ್ದು 1981ರ ನವೆಂಬರ್ 1ರಂದು.

ಆಮೇಲಿನದು ನಾಗಾಲೋಟ. 1982ರ ಆಗಸ್ಟ್ 15ರಂದು ದೇಶಕ್ಕೆಲ್ಲ ಒಂದೇ ‘ರಾಷ್ಟ್ರೀಯ ಕಾರ್ಯಕ್ರಮ’, ಬಣ್ಣದ ಚಿತ್ರ, ನವೆಂಬರಿನಲ್ಲಿ ಏಷ್ಯನ್ ಕ್ರೀಡಾಕೂಟ. ಮರುವರ್ಷ ಇನ್ಸಾಟ್-1ಬಿ ಮೇಲೇರಿತು. ಲಕ್ಷ ಜನಸಂಖ್ಯೆ ದಾಟಿದ ಊರಿಗೆಲ್ಲ ಒಂದು ಟ್ರಾನ್ಸ್‌ಮಿಟರ್ ಎಂದು ಸರ್ಕಾರ ಹೊರಟಿತು. 1984ರಲ್ಲಿ ಒಂದು ಹಂತದಲ್ಲಿ ದಿನಕ್ಕೊಂದರಂತೆ ಟ್ರಾನ್ಸ್‌ಮಿಟರುಗಳು ಚಾಲೂ ಆದವು. 1981ರ ಜನಗಣತಿಯಲ್ಲಿ ಗದಗ-ಬೆಟಗೇರಿ ಆ ಲಕ್ಷವನ್ನು ದಾಟಿತ್ತು. ಎರಡು ಊರು ಸೇರಿ ಒಂದು ನಗರಸಭೆ ಇದ್ದದ್ದರ ಲಾಭ ಅದು.

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಥೆ ಬೇರೆ. ಅವು ಗದಗಿನ ಟವರಿನ ಅಳತೆಯ ಅಂಚಿನಲ್ಲೋ ಆಚೆಯೋ ಬರುವ ಊರುಗಳು. ಟೀವಿಯ ತರಂಗ ಬೆಳಕಿನ ಹಾಗೆ ನೆಟ್ಟಗೆ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ಹಿಂದಿನ ಹಳ್ಳಿಗೆ ಸಿಗುವುದು ‘ಮಳೆ’ ಸುರಿಯುವ ಪರದೆ. ಗದಗಿನ ಹತ್ತಿರದಿಂದ ತುಂಗಭದ್ರೆಯ ಕಡೆಗೆ ಚಾಚಿಕೊಂಡ ಕಪ್ಪತಗುಡ್ಡ ಈ ಸೀಮೆಯಲ್ಲೇ ಇದೆ. ಆದ್ದರಿಂದ ಆಗ ಇಲ್ಲಿ ಟೀವಿಗಿಂತ ಆಂಟೆನಾದ ವ್ಯವಹಾರವೇ ದೊಡ್ಡದಾಗಿತ್ತು. ಎರಡು-ಮೂರು ಪೈಪು ಜೋಡಿಸಿ ಮಾಳಿಗೆಯ ಮೇಲೆ ಏರಿಸಬೇಕು, ನಾಲ್ಕು ದಿಕ್ಕಿಗೆ ತಂತಿ ಕಟ್ಟಬೇಕು, ಬೂಸ್ಟರ್ ಹಾಕಬೇಕು. ಗಾಳಿ ಬೀಸಿದ ದಿನ ಮನೆಯ ಹುಡುಗನೊಬ್ಬ ಮೇಲೆ ಹತ್ತಲೇಬೇಕು.

“ಬಂತೇನು?”

“ಇನ್ನೊಂಚೂರು ತಿರುವು... ಬಂತು, ಬಂತು... ಹೋತ ನೋಡು! ಹಿಂದಕ ತಗೋ.”

ಧಾರವಾಡದಲ್ಲಿ ಹೆಚ್ಚಿನ ಶಕ್ತಿಯ ಟ್ರಾನ್ಸ್‌ಮಿಟರ್ ಬಂದ ಮೇಲೆ ಈ ಗೋಳು ತಗ್ಗಿತು.

ಇಷ್ಟೆಲ್ಲ ಸರ್ಕಸ್ ಮಾಡಿ ಹಿಡಿದದ್ದು ಯಾವ ಭಾಷೆಯನ್ನು? ಮೊದಲ ವರ್ಷಗಳಲ್ಲಿ ಬಹುಪಾಲು ಹಿಂದಿ, ಉಳಿದದ್ದು ಇಂಗ್ಲಿಷ್. ಬೆಂಗಳೂರು ಕೇಂದ್ರ ಕನ್ನಡದಲ್ಲಿ ಮಾಡುತ್ತಿದ್ದದ್ದು ರಾಜ್ಯದ ದೂರದ ಇಂಥ ಮರುಪ್ರಸಾರ ಕೇಂದ್ರಗಳಿಗೆ ತಲುಪಲು ಬೇರೆ ಉಪಗ್ರಹ ಸಂಪರ್ಕ ಬೇಕಿತ್ತು, ಅದು ತಡವಾಗಿ ಬಂತು. ಕನ್ನಡ ಸಿಗದೆ ಹೋದದ್ದು ಎಂಥ ಸೀಮೆಗೆ! ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳಿರುವ ಸೀಮೆ ಎಂದು ‘ಕವಿರಾಜಮಾರ್ಗ’ ಎಣಿಸಿದ ನಾಲ್ಕು ಊರುಗಳಲ್ಲಿ ಒಂದು. ಅತ್ತ 1982ರಲ್ಲಿ ಧಾರವಾಡದಿಂದ ಗೋಕಾಕ್ ಚಳವಳಿಯ ಕೂಗು ಎದ್ದಿತ್ತು. ಅದೇ ವರ್ಷ ಇತ್ತ ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಕನ್ನಡಕ್ಕಾಗಿ ಬೀದಿಗಿಳಿದ ಸೀಮೆಗೆ ಸರ್ಕಾರ ಕೊಟ್ಟ ಹೊಸ ಮಾಧ್ಯಮ ಕನ್ನಡ ಮಾತಾಡಲಿಲ್ಲ. ಕಾರ್ಯಕ್ರಮಗಳು ದಿಲ್ಲಿಯಲ್ಲೇ ಬೀಡುಬಿಟ್ಟಿವೆ ಎಂಬ ತಕರಾರನ್ನು ಸರ್ಕಾರವೇ ನೇಮಿಸಿದ್ದ ಪಿ.ಸಿ. ಜೋಶಿ ಸಮಿತಿಯೂ ಆಗಲೇ ಎತ್ತಿತ್ತು.

ಹಾಗಿದ್ದೂ ಜನ ನೋಡಿದರು, ಮುಗಿಬಿದ್ದು ನೋಡಿದರು. 1987ರ ಜನವರಿಯಿಂದ ರಮಾನಂದ ಸಾಗರರ ‘ರಾಮಾಯಣ’, 1988ರ ಅಕ್ಟೋಬರಿನಿಂದ ಬಿ.ಆರ್. ಚೋಪ್ರಾರ ‘ಮಹಾಭಾರತ’. ಎರಡೂ ಭಾನುವಾರ ಬೆಳಿಗ್ಗೆ. ಗದುಗಿನಲ್ಲಿ ಇದಕ್ಕೆ ಭಾಷೆ ಅಡ್ಡಿಯಾಗಲಿಲ್ಲ ಎನ್ನುವುದರಲ್ಲಿ ಆಶ್ಚರ್ಯವೇನಿಲ್ಲ. ಇಲ್ಲಿನ ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದನೆಂಬುದು ಊರಿನ ನಂಬಿಕೆ. ಆ ಕಾವ್ಯವನ್ನು ಕನ್ನಡಿಗರು ‘ಗದುಗಿನ ಭಾರತ’ವೆಂದೇ ಕರೆಯುತ್ತಾರೆ. ಓದಲು ಬಾರದವರೂ ಅದನ್ನು ಗಮಕಿಗಳ ಬಾಯಲ್ಲಿ ಕೇಳಿ ಬಲ್ಲರು. ಪಗಡೆಯಾಟದಲ್ಲಿ ಧರ್ಮರಾಯ ಏನು ಪಣ ಇಡುತ್ತಾನೆಂಬುದು ಗೊತ್ತಿದ್ದವರಿಗೆ ಹಿಂದಿ ಸಂಭಾಷಣೆ ಬರೀ ಹಿನ್ನೆಲೆ. ಮುಂಬಯಿಯ ಸೆಟ್ಟು, ಗಾಳಿಯಲ್ಲಿ ಡಿಕ್ಕಿ ಹೊಡೆಯುವ ಬಾಣ, ಇವೆಲ್ಲವೂ ಗೊತ್ತಿದ್ದ ಕಥೆಗೆ ಹೊಸ ಒಡವೆ.

ಗದಗಿನ ದನಿಯೊಂದು ಅದೇ ಹೊತ್ತಿಗೆ ದಿಲ್ಲಿಯ ಮೂಲಕ ಊರಿಗೆ ಮರಳಿತು. 1988ರ ಸ್ವಾತಂತ್ರ್ಯ ದಿನದಂದು ದೂರದರ್ಶನ ಮೊದಲ ಬಾರಿ ತೋರಿಸಿದ ‘ಮಿಲೇ ಸುರ್ ಮೇರಾ ತುಮ್ಹಾರಾ’ ಶುರುವಾಗುವುದು ಪಂಡಿತ್ ಭೀಮಸೇನ ಜೋಶಿಯವರಿಂದ. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿ, ಗುರುವನ್ನು ಹುಡುಕಿಕೊಂಡು ಬಾಲ್ಯದಲ್ಲೇ ಮನೆ ಬಿಟ್ಟು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಬಳಿ ಕಲಿತವರು ಅವರು. ಹಲವು ಭಾಷೆಗಳಲ್ಲಿ ಹರಿಯುವ ಆ ಹಾಡಿನಲ್ಲಿ ಕನ್ನಡಕ್ಕೂ ಒಂದು ಪಾಲಿದೆ. ಬೇಕೆಂದಾಗ ಸರ್ಕಾರಿ ಟೀವಿ ಇಂಥದ್ದನ್ನು ಮಾಡಬಲ್ಲುದಾಗಿತ್ತು, ಬೇಕೆನ್ನಿಸಿದ್ದು ಕಡಿಮೆ.

ಸ್ವಾಯತ್ತತೆಯ ವಿಷಯ ಬೇಗ ಹೇಳಿ ಮುಗಿಸಬಹುದು, ಸರ್ಕಾರಗಳು ನಿಧಾನ ಮಾಡಿದವು ಅಷ್ಟೇ. 1978ರಲ್ಲಿ ವರ್ಗೀಸ್ ಸಮಿತಿ ಶಿಫಾರಸು ಮಾಡಿತು, 1990ರಲ್ಲಿ ಪ್ರಸಾರ ಭಾರತಿ ಕಾಯ್ದೆ ಬಂತು, ಜಾರಿಯಾದದ್ದು 1997ರಲ್ಲಿ. ಗದಗ ಧಾರವಾಡದಿಂದ ಬೇರೆ ಜಿಲ್ಲೆಯಾದದ್ದೂ ಅದೇ ವರ್ಷ. ಜಿಲ್ಲೆಗೆ ಸಿಕ್ಕಷ್ಟು ಸ್ವಾತಂತ್ರ್ಯ ಟೀವಿಗೆ ಸಿಕ್ಕಿತೆಂದು ಹೇಳುವುದು ಕಷ್ಟ. ಹಣದ ಬಹುಪಾಲು ಇಂದಿಗೂ ಸಚಿವಾಲಯದಿಂದಲೇ ಬರಬೇಕು.

ಕನ್ನಡದ ವಿಷಯದಲ್ಲಿ ಬಿಸಿ ಮುಟ್ಟಿಸಿದ್ದು ಕಾಯ್ದೆಯಲ್ಲ, ಪೈಪೋಟಿ. 1994ರಲ್ಲಿ ಉದಯ ಟೀವಿ ಬಂತು, ಊರೂರಿಗೆ ಕೇಬಲ್ ಎಳೆದರು. ದೂರದರ್ಶನದ ಕನ್ನಡ ವಾಹಿನಿ ‘ಚಂದನ’ವೆಂಬ ಹೆಸರು ಪಡೆಯಿತು. 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ಕ್ವಿಜ್ ಸಾವಿರಾರು ಕಂತು ದಾಟಿತು. ಗೆದ್ದವರಿಗೆ ಅಲ್ಲಿ ಸಿಗುವುದು ಕಾರೂ ಅಲ್ಲ, ಲಕ್ಷವೂ ಅಲ್ಲ, ಕನ್ನಡ ಪುಸ್ತಕ. 2020ರಲ್ಲಿ ಕೊರೋನಾ ಬಂದು ಸಾಲಿ ಮುಚ್ಚಿದಾಗ ರಾಜ್ಯದ ಶಿಕ್ಷಣ ಇಲಾಖೆ ‘ಸಂವೇದ’ ಪಾಠಗಳನ್ನು ಹಾಕಿದ್ದೂ ಚಂದನದಲ್ಲೇ. ಸ್ಮಾರ್ಟ್‌ಫೋನ್ ಇಲ್ಲದ ಮನೆಯ ಮಕ್ಕಳಿಗೆ ಅದೊಂದು ದಾರಿ.

ಟವರುಗಳ ಕಾಲ ಅಷ್ಟೊತ್ತಿಗೆ ಮುಗಿಯುತ್ತ ಬಂದಿತ್ತು. ಹಳೆಯ ಅನಲಾಗ್ ಟ್ರಾನ್ಸ್‌ಮಿಟರುಗಳನ್ನು ಹಂತಹಂತವಾಗಿ ನಿಲ್ಲಿಸುತ್ತ ಬಂದ ಪ್ರಸಾರ ಭಾರತಿ, ಗಡಿಭಾಗದಂಥ ಕೆಲವು ಕಡೆ ಬಿಟ್ಟರೆ, 2022ರ ಮಾರ್ಚ್ ಹೊತ್ತಿಗೆ ಆ ಕೆಲಸ ಮುಗಿಸಿತು. ಅದರ ಜಾಗದಲ್ಲಿರುವುದು 2004ರಲ್ಲಿ ಶುರುವಾದ ಉಚಿತ ಡಿಟಿಎಚ್, ಇಂದಿನ ‘ಫ್ರೀ ಡಿಶ್’. ಒಮ್ಮೆ ಡಿಶ್ಶು-ಡಬ್ಬಿ ಕೊಂಡರೆ ತಿಂಗಳ ಬಾಡಿಗೆಯಿಲ್ಲ, ಗುಡ್ಡದ ಅಡ್ಡಿಯೂ ಇಲ್ಲ. ಮುಂಡರಗಿಯ ಹೊಲದ ಮನೆಗೂ ದಿಲ್ಲಿಗೂ ಒಂದೇ ಚಿತ್ರ. ಆದರೆ ಅದರಲ್ಲಿ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಹಿಡಿಯಬೇಕು. ಹಿಂದಿಯ ಮಾರುಕಟ್ಟೆ ದೊಡ್ಡದು, ಅವರು ಕೂಗುವ ಬೆಲೆಯೂ ದೊಡ್ಡದು. ರಿಮೋಟ್ ಒತ್ತುತ್ತ ಹೋದರೆ ಹಿಂದಿ ಸಿನಿಮಾ, ಹಿಂದಿ ಸುದ್ದಿ, ಹಿಂದಿ ಭಜನೆ ಸಾಲಾಗಿ ಬರುತ್ತವೆ. ಆ ಡಬ್ಬಿಯಲ್ಲಿ ಕನ್ನಡ ಬೇಕೆಂದವರು ಹೆಚ್ಚಾಗಿ ಚಂದನಕ್ಕೇ ಬರಬೇಕು.