ಮೊಂಡು ಚೈನಿಗೆ ಅರವೇ ಮದ್ದು



2016ರ ಡಿಸೆಂಬರ್ 12ರಂದು ವಾರ್ದಾ ಚಂಡಮಾರುತ ನಮ್ಮ ಚೆನ್ನೈಗೆ ಅಪ್ಪಳಿಸಿ ಸಾವಿರಾರು ಮರಗಳು ರಸ್ತೆಗೆ ಅಡ್ಡ ಬಿದ್ದದ್ದು ನೆನಪಿದೆಯಲ್ಲವೇ? ಆಮೇಲೆ ದಿನಗಟ್ಟಲೆ ಬೀದಿಬೀದಿಯಲ್ಲೂ ಚೈನ್‌ಸಾ ಸದ್ದು. ನಿಮ್ಮ ಅಪಾರ್ಟ್‌ಮೆಂಟಿನಲ್ಲೋ ಊರಿನ ತೋಟದಲ್ಲೋ ಅಂಥ ಮಿಷನ್ ಇದ್ದರೆ, ಹಿಂಗಾರು ಶುರುವಾಗುವ ಮೊದಲೇ ಅದರ ಚೈನ್ ಒಮ್ಮೆ ನೋಡಿಕೊಳ್ಳಿ.

ಬಿದ್ದ ಮರದ ತೊಗಟೆಗೆ ಮಣ್ಣು, ಮರಳು ಮೆತ್ತಿರುತ್ತದೆ. ಓಡುವ ಚೈನ್ ಒಂದೇ ಸಲ ನೆಲ ಮುಟ್ಟಿದರೂ ಸಾಕು, ಹಲ್ಲು ಮೊಂಡಾಗುತ್ತದೆ. ಗುರುತಿಸುವುದು ಸುಲಭ: ಮರ ಚಕ್ಕೆಚಕ್ಕೆಯಾಗಿ ಹಾರಿದರೆ ಹರಿತವಿದೆ, ಹಿಟ್ಟಿನಂತೆ ಉದುರಿದರೆ ಹೋಗಿದೆ. ಆಗ ಕೊಯ್ಯುವವರು ಮೈಭಾರ ಹಾಕಿ ಒತ್ತುತ್ತಾರೆ, ಕೈ ಸೋಲುತ್ತದೆ, ಹಿಡಿತ ತಪ್ಪುತ್ತದೆ. ಹರಿತವಾದ ಚೈನಿಗಿಂತ ಮೊಂಡು ಚೈನೇ ಹೆಚ್ಚು ಅಪಾಯ ಎನ್ನುವುದು ಇದಕ್ಕೇ.

ಈ ಹಲ್ಲಿನ ಕಥೆಯೂ ಸ್ವಾರಸ್ಯವಾಗಿದೆ. 1946ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಮರ ಕಡಿಯುತ್ತಿದ್ದ ಜೋ ಕಾಕ್ಸ್, ಮರ ಕೊರೆಯುವ ಹುಳುವೊಂದು ಎಡಕ್ಕೂ ಬಲಕ್ಕೂ ಕಚ್ಚುತ್ತಾ ಸಾಗುವುದನ್ನು ಕಂಡು ಅದೇ ಮಾದರಿಯ ಹಲ್ಲು ರೂಪಿಸಿದರು. ಇಂದಿಗೂ ಚೈನಿನಲ್ಲಿ ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ.

ಸಾಣೆಗೆ ಬೇಕಾದದ್ದು ದುಂಡನೆಯ ಅರ. ಅಂಗಡಿಯಲ್ಲಿ ರೌಂಡ್ ಫೈಲ್ ಎಂದು ಕೇಳಿ. 4, 4.8, 5.5 ಮಿ.ಮೀ. ಹೀಗೆ ಅಳತೆಗಳಿವೆ, ನಿಮ್ಮ ಚೈನಿಗೆ ಯಾವುದೆಂದು ಅದರ ಪೆಟ್ಟಿಗೆಯ ಮೇಲೇ ಇರುತ್ತದೆ. ಮಿಷನ್ ಪೂರ್ತಿ ಆರಿಸಿ, ಕರೆಂಟಿನದಾದರೆ ಪ್ಲಗ್ ಕಿತ್ತು, ಕೈಗವಸು ಹಾಕಿಕೊಳ್ಳಿ. ಸಾಮಾನ್ಯವಾಗಿ 30 ಡಿಗ್ರಿ ಓರೆ. ಅರವನ್ನು ಹಲ್ಲಿನ ಒಳಗಿನಿಂದ ಹೊರಕ್ಕೆ ತಳ್ಳಿ. ವಾಪಸು ತರುವಾಗ ಎತ್ತಿಬಿಡಿ, ಉಜ್ಜಬೇಡಿ. ಒಂದು ಬದಿಯ ಹಲ್ಲುಗಳೆಲ್ಲ ಮುಗಿದ ಮೇಲೆ ಇನ್ನೊಂದು ಬದಿ. ಪ್ರತಿ ಹಲ್ಲಿಗೂ ಅಷ್ಟೇ ಸಲ ಎಳೆಯಬೇಕು. ಒಂದು ಬದಿಯ ಹಲ್ಲು ಉದ್ದ, ಇನ್ನೊಂದು ಗಿಡ್ಡವಾದರೆ ಮಿಷನ್ ಸೊಟ್ಟಗೆ ಕೊಯ್ಯುತ್ತದೆ.

ಬಹಳ ಮಂದಿ ಮರೆಯುವುದು ಹಲ್ಲಿನ ಮುಂದಿರುವ ಸಣ್ಣ ಗುಬಟನ್ನು. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ತೀರ್ಮಾನಿಸುವುದು ಅದೇ. ಹಲ್ಲು ಸವೆದಂತೆ ಇದನ್ನೂ ಚಪ್ಪಟೆ ಅರದಿಂದ ತಗ್ಗಿಸಬೇಕು, ಹೆಚ್ಚಿನ ಚೈನುಗಳಲ್ಲಿ ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ಕೆಳಗೆ. ಬೇಗ ಕೊಯ್ಯಲೆಂದು ಇನ್ನೂ ತಗ್ಗಿಸಿದಿರೋ, ಮಿಷನ್ ಮರವನ್ನು ಕಚ್ಚಿ ನಿಮ್ಮತ್ತಲೇ ಎಗರೀತು!

ಎಣ್ಣೆ ಖಾಲಿಯಾಗಲು ಬಿಡಬೇಡಿ. ಚೈನ್ ಬಾರಿನಿಂದ ಜೋತಾಡಬಾರದು, ಆದರೆ ಕೈಯಿಂದ ಎಳೆದರೆ ಸರಾಗ ತಿರುಗಬೇಕು.

ವಿದ್ಯುತ್ ತಂತಿಯ ಮೇಲೆ ಬಿದ್ದ ಮರದ ತಂಟೆಗೆ ಮಾತ್ರ ಹೋಗಬೇಡಿ. ಚೆನ್ನೈ ಕಾರ್ಪೊರೇಷನ್ನಿನ 1913ಕ್ಕೆ ಫೋನ್ ಮಾಡಿ, ದೂರ ನಿಲ್ಲಿ.