ಔಷಧದ ಬಿಲ್ಲನ್ನು ಏಕೆ ಕೇಳಿ ಪಡೆಯಬೇಕು?

ತಲೆನೋವು, ನೆಗಡಿ, ಜ್ವರ ಎಂದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ. ಪಾಳಿ ಮುಗಿಸಿ ಹಿಂದಿರುಗುವಾಗ ದಾರಿಯಲ್ಲಿ ಕಂಡ ಔಷಧದ ಅಂಗಡಿಯ ಮುಂದೆ ನಿಂತು, ತಿಳಿದಷ್ಟು ಹಿಂದಿ ಮರಾಠಿಯಲ್ಲಿ ಕಾಯಿಲೆಯನ್ನು ವಿವರಿಸಿ, ಪಟ್ಟಿಯಿಂದ ಕತ್ತರಿಸಿ ಕೊಟ್ಟ ನಾಲ್ಕು ಗುಳಿಗೆಗಳನ್ನು ಜೇಬಿಗೆ ಹಾಕಿಕೊಂಡು ಬರುವುದು. ಬಿಲ್ಲು ಕೇಳಿದರೆ ಅಂಗಡಿಯವರು ಏನೆಂದುಕೊಳ್ಳುವರೋ ಎಂಬ ಸಂಕೋಚ ಬೇರೆ. ಅಕ್ಕಿಯಲ್ಲಿ ಕಲ್ಲಿದ್ದರೆ ಆರಿಸಬಹುದು. ಹಾಲಿಗೆ ನೀರು ಬೆರೆತಿದ್ದರೆ ಮನೆಯವರು ಕಾಯಿಸುವಾಗಲೇ ಹೇಳಿಬಿಡುತ್ತಾರೆ. ಗುಳಿಗೆಯನ್ನು ಮಾತ್ರ ನೋಡಿ, ಮೂಸಿ, ರುಚಿ ಹಿಡಿದು ತಿಳಿಯುವ ಉಪಾಯವಿಲ್ಲ. ಆ ಪರೀಕ್ಷೆಯನ್ನು ನಮ್ಮ ಪರವಾಗಿ ಯಾರು ನಡೆಸುತ್ತಾರೆ, ಹೇಗೆ ನಡೆಸುತ್ತಾರೆ ಎಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ತಿಳಿಸಬಯಸುತ್ತೇವೆ.

ದೂರದ ಉದಾಹರಣೆ ಬೇಡ. ನಮ್ಮ ನಾಗಪುರ ಜಿಲ್ಲೆಯದೇ ಇದೆ. 2023ರ ಮಾರ್ಚ್ ತಿಂಗಳಲ್ಲಿ ಕಳಮೇಶ್ವರ ತಾಲ್ಲೂಕಿನ ಒಂದು ಸರಕಾರಿ ಆಸ್ಪತ್ರೆಯಿಂದ ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತ ಇಲಾಖೆಯವರು ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್ ಗುಳಿಗೆಯ ಮಾದರಿಯನ್ನು ತೆಗೆದುಕೊಂಡು ಮುಂಬಯಿಯ ಸರಕಾರಿ ಪರೀಕ್ಷಾಲಯಕ್ಕೆ ಕಳುಹಿಸಿದರು. ವರದಿ ಬಂದುದು ಡಿಸೆಂಬರಿನಲ್ಲಿ. ಗುಳಿಗೆಯಲ್ಲಿ ಔಷಧವೇ ಇರಲಿಲ್ಲ. ಬಳಿಕ ನಾಗಪುರದ ಇಂದಿರಾ ಗಾಂಧಿ ಸರಕಾರಿ ವೈದ್ಯಕೀಯ ಕಾಲೇಜಿನ ಉಗ್ರಾಣದಲ್ಲಿ ಇಂತಹವೇ ಸುಮಾರು 21,600 ಗುಳಿಗೆಗಳು ಸಿಕ್ಕಿದವು. ಪಟ್ಟಿಯ ಮೇಲೆ ತಯಾರಕರೆಂದು ಅಚ್ಚಾಗಿದ್ದ ಗುಜರಾತಿನ ಕಂಪನಿಯನ್ನು ಹುಡುಕಿದರೆ ಅಂತಹ ಕಂಪನಿಯೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ನಾಗಪುರ ಗ್ರಾಮಾಂತರ ಪೊಲೀಸರು ಸಲ್ಲಿಸಿದ ದೋಷಾರೋಪ ಪಟ್ಟಿಯ ಪ್ರಕಾರ, ಹರಿದ್ವಾರದಲ್ಲಿ ಪಶುಗಳ ಔಷಧ ಮಾಡುವ ಒಂದು ಕಡೆ ಮುಖಕ್ಕೆ ಹಚ್ಚುವ ಪೌಡರನ್ನೂ ಪಿಷ್ಟವನ್ನೂ ಕಲಸಿ ಇವನ್ನು ಒತ್ತಿದ್ದರು.

ಈ ಸಂಗತಿಯಿಂದ ತಿಳಿಯುವುದು ಎರಡು. ಕಾವಲು ಇದೆ, ಅದು ಕಳ್ಳನನ್ನು ಹಿಡಿಯಿತು. ಆದರೆ ಮಾರ್ಚಿನಿಂದ ಡಿಸೆಂಬರಿನವರೆಗೆ ಒಂಬತ್ತು ತಿಂಗಳು. ಆ ಅವಧಿಯಲ್ಲಿ ಸೋಂಕು ತಗುಲಿ ಬಂದ ಬಡವರಿಗೆ ಎಷ್ಟು ಚೀಟಿಗಳಲ್ಲಿ ಆ ಗುಳಿಗೆ ಹೋಯಿತೆಂದು ಲೆಕ್ಕ ಹೇಳುವವರಾರು?

ಈ ಕಾವಲಿನ ಮೂಲ ಸ್ವಾತಂತ್ರ್ಯಕ್ಕೂ ಹಿಂದಿನದು. 1930ರ ಸುಮಾರಿಗೆ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯ ಸಮಿತಿಯು ದೇಶದ ಔಷಧ ವ್ಯಾಪಾರವನ್ನು ವಿಚಾರಿಸಿ, ಕಾಯಿದೆಯಿಲ್ಲದೆ ಗತ್ಯಂತರವಿಲ್ಲ ಎಂದು ವರದಿ ಮಾಡಿತು. ಅದರ ಫಲವಾಗಿ 1940ರಲ್ಲಿ ಔಷಧ ಕಾಯಿದೆ ಬಂತು. 1948ರಲ್ಲಿ ಫಾರ್ಮಸಿ ಕಾಯಿದೆ ಬಂತು. ಮೊದಲನೆಯದು ಸರಕಿನ ಮೇಲೆ ಕಣ್ಣಿಡುತ್ತದೆ, ಎರಡನೆಯದು ಸರಕನ್ನು ಕೊಡುವ ಮನುಷ್ಯನ ಮೇಲೆ. ಅಂಗಡಿಗೆ ಲೈಸೆನ್ಸು ಕೊಡುವವರು ಮೇಲೆ ಹೇಳಿದ ರಾಜ್ಯ ಇಲಾಖೆಯವರು. ಚಿಲ್ಲರೆ ಔಷಧದಂಗಡಿಗೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ತಂಪಿನಲ್ಲಿಡುವ ಔಷಧಗಳಿಗೆ ರೆಫ್ರಿಜರೇಟರು ಬೇಕು, ಲೈಸೆನ್ಸನ್ನು ಕಾಣುವಂತೆ ತೂಗುಹಾಕಬೇಕು. ವೈದ್ಯರ ಚೀಟಿಯ ಔಷಧವನ್ನು ಕೊಡುವವರು ರಾಜ್ಯದ ಫಾರ್ಮಸಿ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದ ಫಾರ್ಮಸಿಸ್ಟರೇ ಆಗಿರಬೇಕು, ಇಲ್ಲವೆ ಅವರ ಕಣ್ಣೆದುರಿಗೇ ಆಗಬೇಕು. 2015ರ ನಿಯಮಗಳಂತೆ ಅವರು ಬಿಳಿ ಕೋಟು ತೊಟ್ಟು ಹೆಸರಿನ ಬಿಲ್ಲೆ ಧರಿಸಿರಬೇಕು. ಗೋಡೆಯ ಮೇಲೆ ಒಬ್ಬರ ಪ್ರಮಾಣಪತ್ರ, ಗಲ್ಲೆಯ ಹಿಂದೆ ಇನ್ನಾರೋ ಹುಡುಗ ಎಂಬ ದೃಶ್ಯ ನಮ್ಮ ವಾಚಕರಿಗೆ ಹೊಸದೇನಲ್ಲ. ಇದು ಸಣ್ಣ ತಪ್ಪೆಂದು ನಮಗೆ ತೋರುವುದಿಲ್ಲ. ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಾದರೆ ಗುಳಿಗೆಯ ಗುಣವೇ ಬೇರೆಯಾಗುತ್ತದೆ.

ಔಷಧ ಇನ್‌ಸ್ಪೆಕ್ಟರರು ಲೈಸೆನ್ಸು ಪಡೆದ ಪ್ರತಿ ಅಂಗಡಿಯನ್ನೂ ವರ್ಷಕ್ಕೆ ಕಡಿಮೆಯೆಂದರೂ ಒಂದು ಸಲ ನೋಡಬೇಕೆಂದು ನಿಯಮವಿದೆ. ಅವರು ಮಾದರಿ ತೆಗೆಯುವ ಕ್ರಮ ತಿಳಿಯಲು ಯೋಗ್ಯವಾದದ್ದು. ಸರಕನ್ನು ಪುಕ್ಕಟೆ ಎತ್ತಿಕೊಂಡು ಹೋಗುವಂತಿಲ್ಲ. ತಕ್ಕ ಬೆಲೆಯನ್ನು ಕೊಡಬೇಕು. ಮಾದರಿಯನ್ನು ಅಂಗಡಿಯವರ ಎದುರಿಗೇ ನಾಲ್ಕು ಪಾಲು ಮಾಡಿ ಮೊಹರು ಹಾಕಬೇಕು. ಒಂದು ಪಾಲು ಅಂಗಡಿಯವರಿಗೆ, ಒಂದು ಸರಕಾರಿ ವಿಶ್ಲೇಷಕರಿಗೆ, ಒಂದು ಮುಂದೆ ನ್ಯಾಯಾಲಯ ಬೇಡಿದರೆ ಅದಕ್ಕೆ, ನಾಲ್ಕನೆಯದು, ಸರಕನ್ನು ಯಾರಿಂದ ಕೊಂಡೆವೆಂದು ಅಂಗಡಿಯವರು ಹೆಸರು ಹೇಳುತ್ತಾರೋ ಅವರಿಗೆ. ನಾಳೆ ಯಾರೂ ‘ಪರೀಕ್ಷೆಗೆ ಹೋದದ್ದು ನನ್ನ ಸರಕಲ್ಲ’ ಎನ್ನಬಾರದೆಂದು ಈ ಏರ್ಪಾಡು. ಸಂಶಯವಿದ್ದ ಸರಕನ್ನು 20 ದಿನಗಳವರೆಗೆ ಮಾರದಂತೆ ತಡೆಯುವ ಅಧಿಕಾರವೂ ಇನ್‌ಸ್ಪೆಕ್ಟರರಿಗಿದೆ. ಮಾದರಿ ಕೆಟ್ಟದ್ದೆಂದು ವರದಿ ಬಂದರೆ ಮೊದಲ ಪ್ರಶ್ನೆ: ಇದನ್ನು ಯಾರಿಂದ ಕೊಂಡಿರಿ? ಅಂಗಡಿಯವರು ಸಗಟು ವ್ಯಾಪಾರಿಯ ಬಿಲ್ಲನ್ನು ತೋರಿಸಬೇಕು, ಆ ವ್ಯಾಪಾರಿ ತನಗೆ ಕೊಟ್ಟವರ ಬಿಲ್ಲನ್ನು. ಹೀಗೆ ಬಿಲ್ಲಿನಿಂದ ಬಿಲ್ಲಿಗೆ ಹತ್ತಿ ಕಾರ್ಖಾನೆಯ ಬಾಗಿಲಿಗೆ ಹೋಗಬೇಕು. ಲೈಸೆನ್ಸುದಾರರಿಂದ ಬಿಲ್ಲು ಪಡೆದು ಕೊಂಡು, ಸರಿಯಾಗಿ ಕಾದಿಟ್ಟು, ದೋಷವನ್ನು ತಿಳಿಯದೆ ಮಾರಿದ ಅಂಗಡಿಯವರಿಗೆ ಕಾಯಿದೆಯಲ್ಲಿ ರಕ್ಷಣೆಯೂ ಇದೆ. ಬಿಲ್ಲಿಲ್ಲದವರಿಗೆ ಅದಿಲ್ಲ.

ಈ ಸರಪಳಿ ಗಟ್ಟಿಯಾಗಿದ್ದರೆ ಎಷ್ಟು ಬೇಗ ಕೆಲಸವಾಗುತ್ತದೆ, ಸಡಿಲಾದರೆ ಎಂತಹ ಅನಾಹುತವಾಗುತ್ತದೆ ಎಂಬುದಕ್ಕೆ 2025ರ ಕೆಮ್ಮಿನ ಔಷಧದ ಪ್ರಕರಣ ಸಾಕ್ಷಿ. ನಾಗಪುರದ ಉತ್ತರಕ್ಕಿರುವ ಛಿಂದವಾಡಾ ಜಿಲ್ಲೆಯ ಎಳೆಯ ಮಕ್ಕಳು ಮೂತ್ರಪಿಂಡ ನಿಂತು ನಾಗಪುರದ ಆಸ್ಪತ್ರೆಗಳಿಗೆ ಬಂದರು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ಅವರು ಕುಡಿದಿದ್ದ ಕೋಲ್ಡ್‌ರಿಫ್ ಎಂಬ ಸಿರಪ್ಪು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದುದು. ಮಧ್ಯಪ್ರದೇಶದ ಪತ್ರ ತಲುಪಿದೊಡನೆ ತಮಿಳುನಾಡಿನ ಅಧಿಕಾರಿಗಳು ಕಾರ್ಖಾನೆಗೆ ಹೋಗಿ ಎಸ್‌ಆರ್-13 ಎಂಬ ಬ್ಯಾಚಿನ ಮಾದರಿ ತೆಗೆದು, ಒಂದೆರಡು ದಿನಗಳೊಳಗೆ ಫಲಿತಾಂಶ ಕೊಟ್ಟರು: ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇಕಡಾ 48.6ರಷ್ಟಿತ್ತು. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ನಿನಲ್ಲಿ ಬೆರೆತು 14 ರೋಗಿಗಳನ್ನು ಬಲಿ ತೆಗೆದುಕೊಂಡಿತ್ತು. ಜಸ್ಟಿಸ್ ಲೆಂಟಿನ್ ಅವರ ಆಯೋಗ ಆಗ ಔಷಧ ಇಲಾಖೆಯ ಹುಳುಕುಗಳನ್ನು ಬಿಚ್ಚಿಟ್ಟದ್ದು ಹಿರಿಯ ವಾಚಕರ ನೆನಪಿನಲ್ಲಿರಬಹುದು. ಕಾಂಚೀಪುರದಲ್ಲಿ ಎರಡು ದಿನದ ಪರೀಕ್ಷೆಯನ್ನು ಸರಕು ಹೊರಡುವ ಮುನ್ನವೇ ಮಾಡಿದ್ದರೆ ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಕಾಯಿದೆಯಲ್ಲಿ ಶಿಕ್ಷೆಗೇನೂ ಕೊರತೆಯಿಲ್ಲ. ಕಲಬೆರಕೆ ಔಷಧದಿಂದ ಸಾವು ಸಂಭವಿಸಿದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸದಿಂದ ಜೀವಾವಧಿಯವರೆಗೂ ಇದೆ.

ಆಗ ಎಲ್ಲ ರಾಜ್ಯಗಳಿಗೂ ಹೋದ ಎಚ್ಚರಿಕೆಯಲ್ಲಿ ಇದ್ದುದು ಔಷಧದ ಹೆಸರು ಮತ್ತು ಆ ಬ್ಯಾಚ್ ನಂಬರು. ಮನೆಯಲ್ಲಿರುವ ಸೀಸೆ ಅದೇ ಹೌದೋ ಅಲ್ಲವೋ ಎಂದು ತಾಯಿ ತಿಳಿಯಬೇಕಾದರೆ ಆ ನಂಬರೊಂದೇ ದಾರಿ. ಕತ್ತರಿಸಿಕೊಟ್ಟ ಗುಳಿಗೆಗಳ ತುಂಡಿನಲ್ಲಿ ಅನೇಕ ವೇಳೆ ನಂಬರೂ ಇರುವುದಿಲ್ಲ, ಅವಧಿ ಮುಗಿಯುವ ತಿಂಗಳೂ ಇರುವುದಿಲ್ಲ. ಅವು ಪಟ್ಟಿಯ ಒಂದು ತುದಿಯಲ್ಲಿ ಅಂಗಡಿಯಲ್ಲೇ ಉಳಿದಿರುತ್ತವೆ. ಆದ್ದರಿಂದಲೇ ಬಿಲ್ಲು ಬೇಕು. ಬಿಲ್ಲಿನಲ್ಲಿ ಬ್ಯಾಚ್ ನಂಬರು ಬರೆಯಿಸಿಕೊಳ್ಳಬೇಕು. ಬರೆದುಕೊಡಲು ಹಿಂದೆಗೆಯುವ ಅಂಗಡಿಗೆ ಎರಡನೆಯ ಸಲ ಹೋಗದಿರುವುದು ಲೇಸು. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧ. ಕೆಲವು ಪ್ರಬಲ ಆಂಟಿಬಯೋಟಿಕ್ಕುಗಳನ್ನೂ ಕ್ಷಯದ ಔಷಧಗಳನ್ನೂ ಮಾರಿದಾಗ, 2014ರಿಂದ, ವೈದ್ಯರ ಮತ್ತು ರೋಗಿಯ ಹೆಸರನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾದಿಡಬೇಕು. ಅಂಗಡಿಯವರು ಹೆಸರು ಕೇಳಿದರೆ ಕೋಪಿಸಿಕೊಳ್ಳಬೇಡಿ.

ನಮ್ಮ ಖೋಲಿಗೆ ಯಾವ ಇನ್‌ಸ್ಪೆಕ್ಟರರೂ ಬರುವುದಿಲ್ಲ ಎಂಬುದೂ ನೆನಪಿರಲಿ. ಮೇ ತಿಂಗಳ ಮೌದಾದ ಬಿಸಿಲಿನಲ್ಲಿ ತಗಡಿನ ಸೂರಿನ ಕೆಳಗೆ ಇಟ್ಟ ಔಷಧ, ಎಷ್ಟೇ ಒಳ್ಳೆಯದಿದ್ದರೂ, ಕೆಡುತ್ತದೆ. ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಊರಿನಿಂದ ತರುವವರು ರೈಲಿನ ಪ್ರಯಾಣಕ್ಕೆ ಮೊದಲೇ ಇದರ ವ್ಯವಸ್ಥೆ ಮಾಡಿಕೊಳ್ಳಬೇಕು.

ಬಹಳ ಜನಕ್ಕೆ ತಿಳಿಯದ ಒಂದು ಹಕ್ಕಿದೆ. 1940ರ ಕಾಯಿದೆಯ 26ನೆಯ ಕಲಮಿನಂತೆ, ತಾನು ಕೊಂಡ ಔಷಧವನ್ನು ಯಾವ ಪ್ರಜೆಯಾದರೂ ಗೊತ್ತಾದ ಶುಲ್ಕ ತೆತ್ತು ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ, ಅವರ ಸಹಿಯ ವರದಿಯನ್ನು ಪಡೆಯಬಹುದು. ಅರ್ಜಿಯ ನಮೂನೆ 14-ಎ. ಬರಿಯ ದೂರಿಗಾದರೆ ಮಹಾರಾಷ್ಟ್ರ ಇಲಾಖೆಯ ಉಚಿತ ದೂರವಾಣಿ 1800-222-365 ಇದೆ; ಔಷಧ ಸೇವಿಸಿ ಮೈಗೆ ಒಗ್ಗದೆ ತೊಂದರೆಯಾದರೆ ತಿಳಿಸಲು 1800-180-3024. ಅರ್ಜಿ ಬರೆಯಲು ಭಾಷೆಯ ತೊಡಕಿರುವವರು ಸಂಜೆ ವಾಚನಾಲಯಕ್ಕೆ ಬಂದರೆ ಬರೆದುಕೊಡುತ್ತೇವೆ. ಬರುವಾಗ ಉಳಿದ ಗುಳಿಗೆಗಳನ್ನೂ ಬಿಲ್ಲನ್ನೂ ತರತಕ್ಕದ್ದು.