ಅಲೆ ಹಿಡಿಯುವ ಪೆಟ್ಟಿಗೆ

೨೦೨೧ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನಿಂದ ಬಂದ ಒಂದು ಛಾಯಾಚಿತ್ರವನ್ನು ಕನ್ನಡ ನಾಡಿನ ಬಹುಮಂದಿ ಮರೆತಿರಲಾರರು. ರಸ್ತೆಯ ಬದಿಯಲ್ಲಿ ಕುಳಿತ ವಿದ್ಯಾರ್ಥಿನಿಯೊಬ್ಬಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ. ಸುರಿಯುವ ಮಳೆಯಲ್ಲಿ ಆಕೆಯ ತಂದೆ ಕೊಡೆ ಹಿಡಿದು ನಿಂತಿದ್ದಾನೆ. ಕಣ್ಣಿಗೆ ಕಾಣದ ಅಲೆಯೊಂದನ್ನು ಅರಸಿ ಆ ಎರಡು ಮಳೆಗಾಲಗಳಲ್ಲಿ ಮಲೆನಾಡಿನ ಅದೆಷ್ಟೋ ಮಕ್ಕಳು ಗುಡ್ಡ ಹತ್ತಿದರು, ಮರವನ್ನೂ ಏರಿದರು. ಚಿತ್ರವನ್ನು ನೋಡಿ ಮರುಗಿದವರು ಅನೇಕರು. ಆದರೆ ಅದರಲ್ಲಿಯೇ ಅಡಗಿದ್ದ ಒಂದು ಪಾಠವನ್ನು ಗಮನಿಸಿದವರು ವಿರಳ. ಮನೆಯಲ್ಲಿ ದೊರೆಯದ ಅಲೆ ಕೆಲವು ಮಾರು ದೂರದಲ್ಲಿ, ಕೆಲವು ಅಡಿ ಎತ್ತರದಲ್ಲಿ ದೊರೆಯುವುದುಂಟು.

ತಂತಿಯಿಲ್ಲದ ಬ್ರಾಡ್‌ಬ್ಯಾಂಡ್ ಮೋಡೆಮನ್ನು ಕೊಳ್ಳಹೊರಟ ಗೃಹಸ್ಥನು ಮೊದಲು ಗ್ರಹಿಸಬೇಕಾದುದು ಇದನ್ನೇ. ಅಂಗಡಿಯಲ್ಲಿ ಅವನ ಮುಂದೆ ಹರಡುವುದು ವೇಗದ ಅಂಕಿಗಳು. ಡಬ್ಬದ ಮೇಲೆ ಸೆಕೆಂಡಿಗೆ ೧೫೦ ಮೆಗಾಬಿಟ್ ಎಂದೋ ೩೦೦ ಮೆಗಾಬಿಟ್ ಎಂದೋ ಅಚ್ಚಾಗಿರುತ್ತದೆ. ಅದು ಉಪಕರಣದ ಶಕ್ತಿಯ ಮೇರೆಯೇ ಹೊರತು ಮನೆಗೆ ಬರುವ ವೇಗದ ವಾಗ್ದಾನವಲ್ಲ. ಒಂದು ಟವರಿನ ಸಾಮರ್ಥ್ಯವನ್ನು ಸುತ್ತಲಿನ ಮೊಬೈಲುಗಳೆಲ್ಲ ಹಂಚಿಕೊಳ್ಳಬೇಕು. ರಾತ್ರಿ ಊಟದ ಹೊತ್ತಿಗೆ ಊರಿಗೆ ಊರೇ ಸಿನಿಮಾ ನೋಡಲು ಕುಳಿತಾಗ ಪ್ರತಿಯೊಬ್ಬರ ಪಾಲೂ ಕಿರಿದಾಗುತ್ತದೆ. ಅಷ್ಟಕ್ಕೂ ಸಂಸಾರದ ಅಗತ್ಯ ಬಹಳ ದೊಡ್ಡದಲ್ಲ. ಮುಖ ನೋಡಿ ಪಾಠ ಕೇಳುವುದಕ್ಕೆ ೨–೩ ಮೆಗಾಬಿಟ್ ಸಾಕು, ಸ್ಪಷ್ಟವಾದ ಚಲನಚಿತ್ರಕ್ಕೆ ಸುಮಾರು ೫. ಆದರೆ ಅದು ಕಡಿಯದೆ ಬರಬೇಕು. ೨೦೨೩ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆಯು 'ಬ್ರಾಡ್‌ಬ್ಯಾಂಡ್' ಎನ್ನಿಸಿಕೊಳ್ಳಲು ಗೊತ್ತುಪಡಿಸಿದ ಕನಿಷ್ಠ ವೇಗವೂ ೨ ಮೆಗಾಬಿಟ್ಟೇ.

ಗಾಜಿನ ಎಳೆಯ ಫೈಬರ್ ಕೇಬಲ್ಲು ಮನೆಬಾಗಿಲಿಗೆ ಬಂದಿದ್ದರೆ ಈ ಚರ್ಚೆಯೇ ಬೇಡ. ಅದನ್ನೇ ಹಾಕಿಸಿಕೊಳ್ಳುವುದು ಜಾಣತನ. ಬರುವ ಮಾತೆಲ್ಲ ಬಾರದವರನ್ನು ಕುರಿತದ್ದು.

ಇಂತಹ ಮೋಡೆಮುಗಳಲ್ಲಿ ಹಳೆಯ ಪರಿಚಯದ್ದೆಂದರೆ ಡಾಂಗಲ್. ಹೆಬ್ಬೆರಳಿನ ಗಾತ್ರದ ಇದು ಲ್ಯಾಪ್‌ಟಾಪಿನ ಪಕ್ಕೆಗೆ ಅಂಟಿಕೊಂಡು ಅದರ ವಿದ್ಯುತ್ತನ್ನೇ ಉಂಡು ಕೆಲಸ ಮಾಡುತ್ತದೆ. ಬೆಲೆ ಕಡಿಮೆ, ಒಯ್ಯಲು ಸುಲಭ. ಆದರೆ ಅದರೊಳಗಿನ ಆಂಟೆನಾ ಅತಿ ಕಿರಿದು. ೨೦೧೦ರ ಆಸುಪಾಸಿನಲ್ಲಿ ಸಿಡಿಎಂಎ ಜಾಲದ ಡಾಂಗಲುಗಳನ್ನು ಕೊಂಡವರ ಮನೆಗಳಲ್ಲಿ ಅವು ಈಗ ಮಕ್ಕಳ ಆಟದ ಸಾಮಾನಾಗಿವೆ. ಜಾಲವೇ ಮುಚ್ಚಿದ ಮೇಲೆ ಮೋಡೆಮಿಗೆ ಬೇರೆ ಜೀವವುಂಟೆ? ಡಾಂಗಲಿನ ತಮ್ಮನೆನ್ನಬಹುದಾದ ಜೇಬಿನ ಹಾಟ್‌ಸ್ಪಾಟ್ ತನ್ನದೇ ಬ್ಯಾಟರಿಯಿಂದ ನಡೆಯುತ್ತದೆ, ನಾಲ್ಕಾರು ಮೊಬೈಲುಗಳಿಗೆ ವೈಫೈ ಹಂಚುತ್ತದೆ. ವಿದ್ಯುತ್ತು ಹೋದರೂ ಕೆಲವು ಗಂಟೆ ಉಳಿಯುವುದು ಇದರ ದೊಡ್ಡ ಗುಣ. ಆದರೆ ಹಗಲಿರುಳೂ ಚಾರ್ಜಿಗೆ ಹಚ್ಚಿಟ್ಟರೆ ಬ್ಯಾಟರಿ ಕಾಯುತ್ತದೆ, ಉಬ್ಬುತ್ತದೆ. ಇದು ಪ್ರಯಾಣಿಕನ ಸಂಗಾತಿ. ಮನೆಯ ಕಾಯಂ ಆಳಲ್ಲ.

ಮನೆಗೆಂದೇ ಆದದ್ದು ಮೇಜಿನ ಮೇಲಿಡುವ ಸಿಮ್ ರೂಟರ್. ಗೋಡೆಯ ವಿದ್ಯುತ್ತಿನಿಂದ ನಡೆಯುವ ಇದರ ಆಂಟೆನಾಗಳು ದೊಡ್ಡವು, ವೈಫೈಯೂ ಮನೆಯನ್ನೆಲ್ಲ ಮುಟ್ಟಬಲ್ಲದು. ಮನೆಯೊಳಗೆ ಅಲೆ ಚೆನ್ನಾಗಿರುವಲ್ಲಿ ಇದಕ್ಕಿಂತ ಹೆಚ್ಚಿನದನ್ನು ಬಯಸುವುದು ದುಂದು. ಮನೆಯೊಳಗೆ ಅಲೆ ಚೆನ್ನಾಗಿದೆಯೆ ಎಂಬುದೇ ಪ್ರಶ್ನೆ.

ಅದನ್ನು ಅಳೆಯಲು ಯಂತ್ರಜ್ಞನು ಬೇಕಿಲ್ಲ. ಯಾವ ಕಂಪನಿಯ ಸಿಮ್ಮನ್ನು ಹಾಕುವ ಉದ್ದೇಶವೋ ಅದೇ ಸಿಮ್ ಇರುವ ಮೊಬೈಲೊಂದು ಸಾಕು. ಪರದೆಯ ಮೂಲೆಯ ಗೆರೆಗಳನ್ನು ನಂಬತಕ್ಕದ್ದಲ್ಲ; ಅವು ಒಂದೊಂದು ಮೊಬೈಲಿನಲ್ಲಿ ಒಂದೊಂದು ಲೆಕ್ಕ. ಅನೇಕ ಮೊಬೈಲುಗಳ ಸೆಟ್ಟಿಂಗ್ಸಿನಲ್ಲಿ ಸಿಮ್ಮಿನ ವಿವರ ತೆರೆದರೆ ಸಿಗ್ನಲಿನ ಬಲ 'ಡಿಬಿಎಂ' ಎಂಬ ಮಾನದಲ್ಲಿ ಕಾಣುತ್ತದೆ, ಋಣ ಚಿಹ್ನೆಯೊಡನೆ. ಅದನ್ನು ಸಾಲದ ಲೆಕ್ಕವೆಂದು ಓದಿಕೊಂಡರೆ ತಪ್ಪಾಗದು: ಸಾಲ ೮೦ ಇದ್ದರೆ ಸಂಸಾರ ಸುಖವಾಗಿದೆ, ೧೦೦ ಇದ್ದರೆ ಹೇಗೋ ನಡೆಯುತ್ತಿದೆ, ೧೧೦ ದಾಟಿತೆಂದರೆ ಮನೆ ಹರಾಜಿಗೆ ಬಂದಂತೆ. ಈ ಲೆಕ್ಕದಲ್ಲಿ ೧೦ರ ಅಂತರವೆಂದರೆ ಶಕ್ತಿಯಲ್ಲಿ ಹತ್ತು ಪಟ್ಟು. ೮೦ಕ್ಕೂ ೧೧೦ಕ್ಕೂ ಸಾವಿರ ಪಟ್ಟು. ಮೊಬೈಲನ್ನು ಹಿಡಿದು ನಡುಮನೆ, ಅಡುಗೆಮನೆ, ಜಗಲಿ, ಮಹಡಿ, ತಾರಸಿ ಎಂದು ಒಂದೊಂದೆಡೆಯಲ್ಲಿ ಒಂದೆರಡು ನಿಮಿಷ ನಿಂತು ಅಂಕಿಯನ್ನು ಬರೆದುಕೊಳ್ಳಬೇಕು. ಬೆಳಿಗ್ಗೆ ಒಮ್ಮೆ, ರಾತ್ರಿ ಎಂಟರ ಹೊತ್ತಿಗೆ ಒಮ್ಮೆ ವೇಗವನ್ನೂ ಪರೀಕ್ಷಿಸಬೇಕು. ಹಳ್ಳಿಯಲ್ಲಿ ಬಾವಿ ತೋಡುವ ಮುನ್ನ ನೀರಿನ ಸೆಲೆ ನೋಡಿಸುವವರು ಮೋಡೆಮ್ ಕೊಳ್ಳುವಾಗ ಇಷ್ಟು ಮಾಡದಿರುವುದು ಸೋಜಿಗ.

ಜಗಲಿಯಲ್ಲಿ ೯೦, ನಡುಮನೆಯಲ್ಲಿ ೧೦೫ ಎಂದು ತೋರಿದರೆ ಆ ನಡುವಿನ ೧೫ನ್ನು ನುಂಗಿದುದು ಗೋಡೆ. ಕಬ್ಬಿಣದ ಸರಳಿನ ಸಿಮೆಂಟು ತಾರಸಿ, ತಗಡಿನ ಛಾವಣಿ ಇವು ಅಲೆಗೆ ದೊಡ್ಡ ಅಡ್ಡಿ. ಮಳೆಯಲ್ಲಿ ತೊಯ್ದ ಎಲೆಗಳ ದಟ್ಟ ತೋಟವೂ ಕಡಿಮೆಯದಲ್ಲ. ಬೇಸಗೆಯಲ್ಲಿ ಸರಿಯಿದ್ದ 'ರೇಂಜು' ಆಷಾಢದಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಅಲೆ ಕಿರಿದಾದಷ್ಟೂ ಈ ಅಡ್ಡಿ ಹೆಚ್ಚು. ೭೦೦ ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು ಒಂದೂವರೆ ಅಡಿ. ಅದು ದೂರ ಹೋಗುತ್ತದೆ, ಗೋಡೆಯನ್ನೂ ತಕ್ಕಮಟ್ಟಿಗೆ ದಾಟುತ್ತದೆ. ೨೦೨೨ರ ಅಕ್ಟೋಬರ್ ೧ರಂದು ಭಾರತದಲ್ಲಿ ಆರಂಭವಾದ ೫ಜಿಯ ಮುಖ್ಯ ವಾಹನವಾದ ೩೫೦೦ ಮೆಗಾಹರ್ಟ್ಸಿನ ಆಸುಪಾಸಿನ ಅಲೆ ಮೂರೂವರೆ ಅಂಗುಲದ್ದು. ಹೊರುವ ಭಾರ ಹೆಚ್ಚು, ತಲಪುವ ದೂರ ಕಡಿಮೆ. ೨೬ ಗಿಗಾಹರ್ಟ್ಸ್ ಎಂಬುದಂತೂ ಅರ್ಧ ಅಂಗುಲದ ಅಲೆ. ಗೋಡೆಯೆಂದರೆ ಅಲ್ಲಿಯೇ ನಿಲ್ಲುವಂಥದು. (ಇಂತಹ ಕಿರಿಯ ಅಲೆಗಳನ್ನು, ಕೆಲವೇ ಮಿಲಿಮೀಟರಿನವನ್ನೂ, ಜಗದೀಶ ಚಂದ್ರ ಬೋಸರು ಕಲ್ಕತ್ತೆಯಲ್ಲಿ ೧೮೯೫ರ ಸುಮಾರಿಗೇ ಹುಟ್ಟಿಸಿ ತೋರಿಸಿದ್ದರು. ಜಗತ್ತು ಅವನ್ನು ಮನೆಮನೆಗೆ ತರಲು ಶತಮಾನಕ್ಕೂ ಮಿಗಿಲಾಗಿ ಕಾದಿತು.)

ಇಂತಹ ಮನೆಗಳಿಗಾಗಿಯೇ ಇರುವುದು ಹೊರಗೆ ಕಟ್ಟುವ ಮೋಡೆಮ್. ಹಿರಿಯರಿಗೆ ಇದು ಹೊಸ ಮಾತಲ್ಲ. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ತೊಡಗಿದ ಕಾಲದಿಂದ ರೇಡಿಯೋ ಕೊಂಡವರು ಮಾಡಿನ ಮೇಲೆ ಏರಿಯಲ್ ತಂತಿ ಕಟ್ಟುತ್ತಿದ್ದರು. ದೂರದರ್ಶನ ಬಂದಾಗ ಕೊಳವೆಯ ತುದಿಗೆ ಮೀನಿನ ಮುಳ್ಳಿನಂತಹ ಆಂಟೆನಾ ಏರಿತು. ಹೊರಗಿನ ಮೋಡೆಮಿನಲ್ಲಿ ಒಂದು ಜಾಣ್ಮೆ ಹೆಚ್ಚು. ಏರಿಯಲ್ಲಿನಿಂದ ಉದ್ದನೆಯ ತಂತಿ ಎಳೆದರೆ ದಾರಿಯಲ್ಲಿಯೇ ಅಲೆ ಸೊರಗುತ್ತದೆ. ಇಲ್ಲಿಯಾದರೋ ಮೋಡೆಮೇ ಮೇಲೆ ಕುಳಿತು, ಹಿಡಿದ ಅಲೆಯನ್ನು ಅಲ್ಲಿಯೇ ಅಂಕಿಗಳಾಗಿಸಿ ಕೆಳಗೆ ಕಳುಹಿಸುತ್ತದೆ. ಈಥರ್ನೆಟ್ ತಂತಿಯೊಂದೇ ವಿದ್ಯುತ್ತನ್ನು ಮೇಲಕ್ಕೂ ಮಾಹಿತಿಯನ್ನು ಕೆಳಕ್ಕೂ ಒಯ್ಯುತ್ತದೆ, ೧೦೦ ಮೀಟರಿನವರೆಗೆ ಸೊರಗದೆ. ಹಟ್ಟಿಯ ಮಾಡಿನಲ್ಲಿ ಅಲೆ ಸಿಗುವುದಾದರೆ ಮನೆಯಿಂದ ಅಲ್ಲಿಯವರೆಗೆ ತಂತಿ ಎಳೆದರಾಯಿತು. ಕೆಳಗೆ ಸಾಧಾರಣ ವೈಫೈ ರೂಟರ್ ಸಾಕು. ೨೦೨೩ರಲ್ಲಿ ಏರ್‌ಟೆಲ್, ಜಿಯೋ ಕಂಪನಿಗಳು 'ಏರ್‌ಫೈಬರ್' ಎಂಬ ಹೆಸರಿನಲ್ಲಿ ಹೊರಡಿಸಿದ ಸೇವೆಯ ಹುರುಳೂ ಇದೇ. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಗಾಳಿಯೇ. ಕಂಪನಿಯವರೇ ಬಂದು ಕಟ್ಟಿಕೊಡುವುದು ಅನುಕೂಲ. ಆದರೆ ಆ ಪೆಟ್ಟಿಗೆ ಆ ಕಂಪನಿಗೇ ಮೀಸಲು.

ಸ್ವಂತಕ್ಕೆ ಕೊಳ್ಳುವವರು ಎರಡು ಮಾತು ಕೇಳದೆ ಹಣ ಎಣಿಸಬಾರದು. ಪೆಟ್ಟಿಗೆಯು ಎಲ್ಲ ಕಂಪನಿಗಳ ಸಿಮ್ಮನ್ನೂ ಒಪ್ಪುವುದೆ? ಊರಿನ ಟವರಿನ ಬ್ಯಾಂಡು ಅದಕ್ಕೆ ತಿಳಿದಿದೆಯೆ? ಕಾಡಂಚಿನ ಎಷ್ಟೋ ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಒಂದೇ ಗತಿ. ೨೦೨೫ರ ಸೆಪ್ಟೆಂಬರಿನಲ್ಲಿ ದೇಶಕ್ಕೆಲ್ಲ ಉದ್ಘಾಟನೆಯಾದ ಅದರ ೪ಜಿ ಬಳಸುವ ಅಲೆಗಳಲ್ಲಿ ೭೦೦ ಮೆಗಾಹರ್ಟ್ಸ್ ಒಂದು. ಅದರ ಹೆಸರು ಬ್ಯಾಂಡ್ ೨೮. ಅಗ್ಗದ ಅನೇಕ ಮೋಡೆಮುಗಳಿಗೆ ಅದು ಬಾರದು. ೫ಜಿಯಲ್ಲಿಯೂ ಎರಡು ಬಗೆ: ಏರ್‌ಟೆಲ್‌ನದು ೪ಜಿಯ ಹೆಗಲೇರಿ ಆರಂಭವಾಯಿತು, ಜಿಯೋದ್ದು ಸ್ವತಂತ್ರವಾಗಿ. ಸ್ವತಂತ್ರ ಬಗೆಯನ್ನರಿಯದ ಮೋಡೆಮಿಗೆ ಜಿಯೋದ ೫ಜಿ ಕಾಣಿಸುವುದೇ ಇಲ್ಲ.

ಇನ್ನು ಉಳಿದುದು ವಿದ್ಯುತ್ತಿನ ಸಂಗತಿ. ಮಳೆಗಾಲದ ಸಂಜೆ ಕರೆಂಟು ಹೋದೊಡನೆ ಮೇಜಿನ ರೂಟರೂ ಮಾಡಿನ ಮೋಡೆಮೂ ಒಟ್ಟಿಗೆ ಕಣ್ಣು ಮುಚ್ಚುತ್ತವೆ. ರೂಟರಿಗೆಂದೇ ದೊರೆಯುವ ಪುಟ್ಟ ಯುಪಿಎಸ್ ಕೆಲವು ಗಂಟೆ ಕಾಯುತ್ತದೆ. ಅದನ್ನು ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟು, ಆಂಪಿಯರುಗಳನ್ನು ತಾಳೆ ನೋಡಬೇಕು. ಮಾಡಿನ ಮೇಲಿನ ಮೋಡೆಮಿಗಾದರೆ ಕಂಬಕ್ಕೆ ಅರ್ಥಿಂಗ್ ಕಟ್ಟಿಸಲೇಬೇಕು. ಏಪ್ರಿಲ್–ಮೇ ತಿಂಗಳ ಸಿಡಿಲು ಅದನ್ನೂ ಲಕ್ಷಿಸುವುದಿಲ್ಲ. ಆದುದರಿಂದ ದೂರದಲ್ಲಿ ಮೊದಲ ಗುಡುಗು ಕೇಳಿಸುತ್ತಲೇ ಗೋಡೆಯ ಪ್ಲಗ್ಗನ್ನೂ ಮೇಲಿನಿಂದ ಬರುವ ಈಥರ್ನೆಟ್ ತಂತಿಯನ್ನೂ ಎರಡನ್ನೂ ಕಿತ್ತಿಡತಕ್ಕದ್ದು.